ಹಸಿರು ಚಿಂದಿಯ ಬುಟ್ಟಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಕೋಳಿ ಕೂಗುವ ಮೊದಲೇ ಹೊಗೆ ಏಳುತ್ತಿತ್ತು. ಮಸ್ಕಿಯಲ್ಲಿ ನಮ್ಮದೊಂದು ಮಂಡಾಳು ಭಟ್ಟಿ ಇತ್ತು. ಮಂಡಾಳು ಅಂದರೆ ನೀವು ಅಂಗಡಿಯಲ್ಲಿ ಚುರುಮುರಿ ಅಂತ ಕೇಳಿ ತರುವುದೇ. ಪ್ಯಾಕೆಟ್ಟಿನ ಬಾಯಿ ಹರಿದು, ಅರ್ಧ ಬಾಯಿಗೆ ಸುರುವಿಕೊಂಡು, ಇನ್ನರ್ಧ ನನ್ನ ಹಾಸಿಗೆಯ ಮೇಲೆ ಚೆಲ್ಲಿ ಓಡಿಹೋಗುತ್ತೀರಲ್ಲ, ಅದೇ. ಆ ಒಂದೊಂದು ಕಾಳು ಅರಳಬೇಕಾದರೆ ಎಷ್ಟು ಕೈ ದಾಟಿ ಬರಬೇಕಿತ್ತು ಎಂಬುದು ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ನಿಮ್ಮ ತಪ್ಪಲ್ಲ ಬಿಡಿ ಮೊಮ್ಮಕ್ಕಳೇ. ಇವತ್ತು ಹೇಳುತ್ತೇನೆ, ಫೋನು ಅತ್ತ ಇಟ್ಟು ಕೇಳಿ.

ಜವಳಗೇರಾ ಕಡೆಯಿಂದ ಕಾಲುವೆ ನೀರಿನ ಭತ್ತ ಬರುತ್ತಿತ್ತು. ಅದನ್ನು ನೆನೆಹಾಕಿ, ಕುದಿಸಿ, ಒಣಗಿಸಿ, ಗಿರಣಿಗೆ ಹಾಕಿಸಿ ಅಕ್ಕಿ ಮಾಡಿಟ್ಟುಕೊಳ್ಳುತ್ತಿದ್ದೆವು. ಭಟ್ಟಿಯ ಕೆಲಸ ಅಲ್ಲಿಂದ ಮುಂದೆ. ಮೊದಲು ಆ ಅಕ್ಕಿಗೆ ಉಪ್ಪುನೀರು ಹಾಕಿ ಚೆನ್ನಾಗಿ ತಿಕ್ಕಬೇಕು. ಆಮೇಲೆ ಹಂಚಿನ ಮೇಲೆ ಹರವಿ ತೇವ ಆರುವ ತನಕ ಬೆಚ್ಚಗೆ ಮಾಡಬೇಕು. ಕೊನೆಗೆ ಕಾದ ಮರಳಿನ ಬಾಣಲೆಗೆ ಒಗೆದರೆ ಪಟಪಟ ಸದ್ದು ಮಾಡುತ್ತ ಅರಳಿ, ಕಣ್ಣು ಮಿಟುಕಿಸುವುದರೊಳಗೆ ಕಪ್ಪು ಬಾಣಲೆ ಬೆಳ್ಳಗಾಗುತ್ತಿತ್ತು. ತಕ್ಷಣ ಜರಡಿಗೆ ಎತ್ತಿ ಹಾಕಿ ಮರಳು ಉದುರಿಸಬೇಕು. ಸ್ವಲ್ಪ ತಡವಾದರೂ ಸೀದು ಹೋಗುತ್ತಿತ್ತು. ಉರುವಲು ಭತ್ತದ ಹೊಟ್ಟು. ಹೊಟ್ಟಿನ ಹೊಗೆ ಕಣ್ಣಿಗೆ ಹೊಕ್ಕರೆ ಮಧ್ಯಾಹ್ನದ ತನಕ ಉರಿ ಹೋಗುತ್ತಿರಲಿಲ್ಲ.

ಭಟ್ಟಿಯಲ್ಲಿ ನಾವು ಐದು ಜನ. ಅವ್ವ, ಅಕ್ಕ, ನಾನು, ಒಲೆಗೆ ಹೊಟ್ಟು ಹಾಕಲು ಪಕ್ಕದ ಮನೆಯ ಚಾಚಾ. ಐದನೆಯವನು ಅಪ್ಪ, ಸೈಕಲ್ಲಿನ ಮೇಲೋ ಬಸ್ಸಿನ ಮೇಲೋ ಚೀಲ ಹೇರಿಕೊಂಡು ಸಿಂಧನೂರು, ಲಿಂಗಸುಗೂರು ಸಂತೆಗೆ ಹೋಗಿ ಮಾರಿ ಬರುತ್ತಿದ್ದ. ಮರಳಿನ ಬಾಣಲೆ ಮುಂದೆ ಕೂಡುವವಳು ಅಕ್ಕ. ಆಕೆಗೆ ಆಗ ಹದಿಮೂರೋ ಹದಿನಾಲ್ಕೋ ವಯಸ್ಸು. ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿ ಉಳಿದಿದ್ದಳು. ಮುಂಗೈ ಮೇಲಿನ ಕೂದಲು ಬಿಸಿಗೆ ಸುಟ್ಟು ಹೋಗಿ, ಆಕೆಯ ಕೈ ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು.

ಆ ಭಟ್ಟಿ ನನ್ನ ಅಜ್ಜ ಕಟ್ಟಿದ್ದು. ಕಟ್ಟುವಾಗ ಏನು ಯೋಚಿಸಿದ್ದನೋ ಗೊತ್ತಿಲ್ಲ, ಬಹುಶಃ ಏನೂ ಯೋಚಿಸಿರಲಿಲ್ಲ. ಉಪ್ಪು ತಿಕ್ಕುವುದು ಒಳಮನೆಯಲ್ಲಿ. ಹಂಚಿನ ಒಲೆ ಹಿತ್ತಲಲ್ಲಿ. ಮರಳಿನ ಒಲೆ ಮುಂದಿನ ಚಪ್ಪರದಲ್ಲಿ. ಬುಟ್ಟಿ ಹೊತ್ತುಕೊಂಡು ಒಳಗೆ ಹೊರಗೆ ಓಡಾಡುವುದರಲ್ಲೇ ಅರ್ಧ ಮುಂಜಾನೆ ಹೋಗುತ್ತಿತ್ತು. ಬಾಗಿಲಲ್ಲಿ ಅವ್ವ ನನಗೆ ಡಿಕ್ಕಿ, ನಾನು ಅಕ್ಕನಿಗೆ ಡಿಕ್ಕಿ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಉಪ್ಪಿನ ಗೋಳು. ಯಾವ ಬುಟ್ಟಿಗೆ ಉಪ್ಪು ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರಿಗೆ ಕೈ ಬಿಡುವಿತ್ತೋ ಅವರು ಹಾಕುತ್ತಿದ್ದರು. ಅವ್ವ ಹಾಕಿದ್ದಕ್ಕೆ ಮತ್ತೆ ನಾನು ಹಾಕುತ್ತಿದ್ದೆ. ನಾನು ಹಾಕಿದ್ದೇನೆಂದು ಅಕ್ಕ ಬಿಟ್ಟದ್ದು ಸಪ್ಪಗೆ ಹೋಗುತ್ತಿತ್ತು.

ಒಮ್ಮೆ ಸಿಂಧನೂರಿನ ಅಂಗಡಿಯವನೊಬ್ಬ ಮಾಲು ತಿರುಗಿ ಕಳಿಸಿದ. ಅಪ್ಪ ಆ ಚೀಲವನ್ನು ಅಂಗಳದಲ್ಲಿ ಎತ್ತಿ ಹಾಕಿ, "ಒಂದು ಚೀಲ ಉಪ್ಪಿನಕಾಯಿ ಆಗೇತಿ, ಒಂದು ಚೀಲ ಹುಲ್ಲು ಆಗೇತಿ. ಮಂದಿ ನನ್ನ ಮಾರಿಗೆ ಉಗಳಾಕತ್ತಾರ," ಎಂದು ಮನೆಮಂದಿಯ ಮೇಲೆಲ್ಲ ಕೂಗಾಡಿದ. ಕೂಗಾಡುವುದೊಂದೇ ಅಪ್ಪನಿಗೆ ಗೊತ್ತಿದ್ದ ಉಪಾಯ. ಪಾಪ, ಅವನಾದರೂ ಏನು ಮಾಡಿಯಾನು.

ಅದೇ ದಿನಗಳಲ್ಲಿ ಎರಡು ಸಂಗತಿ ನಡೆದವು. ಹೈಸ್ಕೂಲಿನ ದೊಡ್ಡ ಮಾಸ್ತರು ಅಪ್ಪನನ್ನು ಬಜಾರದಲ್ಲಿ ಹಿಡಿದು, ಹುಡುಗಿ ಜಾಣೆ ಇದ್ದಾಳೆ, ಶಾಲೆಗೆ ಕಳಿಸು ಎಂದರು. ಇನ್ನೊಂದು, ಲಿಂಗಸುಗೂರಿನ ಬಟ್ಟೆ ಅಂಗಡಿಯವರು ತಮ್ಮ ಮಗನಿಗೆ ಅಕ್ಕನನ್ನು ಕೇಳಿಕೊಂಡು ಬಂದರು. ಅಪ್ಪ ಇಬ್ಬರಿಗೂ ಒಂದೇ ಮಾತು ಹೇಳಿದ. "ಆಕಿ ಇಲ್ಲದ ನಮ್ಮ ಭಟ್ಟಿ ನಡ್ಯಾಂಗಿಲ್ರಿ. ಸ್ವಲ್ಪ ತಡೀರಿ." ಲಿಂಗಸುಗೂರಿನವರು ಚಹಾ ಕುಡಿದು ಹೋದರು. ಅವರ ಮಾತನ್ನು ಅಕ್ಕ ತಲೆಗೆ ಹಾಕಿಕೊಳ್ಳಲೇ ಇಲ್ಲ. ಆಕೆಯ ತಲೆಯ ತುಂಬ ಶಾಲೆಯೇ ಇತ್ತು.

ಅಕ್ಕ ಅತ್ತು ಕರೆದು ಮಾಡುವವಳಲ್ಲ. ಅಪ್ಪನ ಮುಂದೆ ನಿಂತು, "ಅಪ್ಪಾ, ನಾ ಇಲ್ಲದ ಭಟ್ಟಿ ನಡದ್ರ ನನ್ನ ಸಾಲಿಗೆ ಕಳಸ್ತಿಯೇನು?" ಎಂದು ಕೇಳಿದಳು. ಅಪ್ಪ ನಕ್ಕ. "ಮೊದಲ ನಡಿಲಿ, ಆಮ್ಯಾಲ ಮಾತಾಡೂಣು ಬೇ," ಅಂದ. ಅಕ್ಕ ಅದನ್ನು ಮಾತು ಕೊಟ್ಟಂತೆಯೇ ತಿಳಿದಳು. ನಾನೂ ಹಾಗೇ ತಿಳಿದೆ.

ಮಳೆ ಹಿಡಿದು ಭಟ್ಟಿ ನಿಂತಿದ್ದ ದಿನಗಳಲ್ಲಿ ಅಕ್ಕ ಮತ್ತು ಚಾಚಾ ಸೇರಿ ಅಜ್ಜನ ಒಲೆಗಳನ್ನು ಕೆಡವಿದರು. ಅಪ್ಪನ ಮುಖ ಗಂಟಿಕ್ಕಿತ್ತು, ಆದರೂ ಸುಮ್ಮನಿದ್ದ. ಹುಲ್ಲು ಬೆರೆಸಿ ತುಳಿದ ಮಣ್ಣಿನಲ್ಲಿ ಚಪ್ಪರದೊಳಗೆ ಒಂದೇ ಉದ್ದನೆಯ ಒಲೆ ಕಟ್ಟಿದರು. ಬೆಂಕಿಯ ಬಾಯಿಯ ಹತ್ತಿರ ಮರಳಿನ ಬಾಣಲೆ, ಹಿಂದೆ ಉಳಿದ ಕಾವಿಗೆ ಹಂಚು. ಇದರಿಂದ ಹೊಟ್ಟು ಹಾಕುವ ಚಾಚಾ ಕೂತಲ್ಲೇ ಹಂಚನ್ನೂ ನೋಡಿಕೊಳ್ಳಬಹುದಾಯಿತು. ಉಪ್ಪಿನ ಕೊಪ್ಪರಿಗೆ ಒಳಮನೆಯಿಂದ ಹೊರಬಂದು ಒಲೆಯ ಈಚೆ ಕೂತಿತು. ಉಪ್ಪು, ಹಂಚು, ಮರಳು, ಜರಡಿ, ಎಲ್ಲ ಒಂದೇ ಸಾಲು. ಬುಟ್ಟಿ ಮುಂದಕ್ಕೆ ಹೋಗಬೇಕೇ ಹೊರತು ಹಿಂದಕ್ಕೆ ಬರಬಾರದು ಎಂಬುದು ಅಕ್ಕನ ಕಟ್ಟಳೆ. ಉಪ್ಪು ಹಾಕುವವನು ನಾನೊಬ್ಬನೇ, ಬೇರೆ ಯಾರೂ ಕೈ ಹಾಕುವಂತಿಲ್ಲ.

ಅವ್ವನ ಹಳೆಯ ಹಸಿರು ಸೀರೆಯೊಂದನ್ನು ಹರಿದು ಅಕ್ಕ ಬೆರಳಗಲದ ಚಿಂದಿ ಮಾಡಿದಳು. ಉಪ್ಪು ತಿಕ್ಕಿ ಮುಗಿದ ಬುಟ್ಟಿಯ ಕಿವಿಗೆ ನಾನು ಒಂದು ಚಿಂದಿ ಕಟ್ಟಬೇಕು. ಬುಟ್ಟಿ ಖಾಲಿಯಾದಾಗ ಚಿಂದಿ ಬಿಚ್ಚಿ ನನಗೆ ಮರಳಿ ಕೊಡಬೇಕು. "ಚಿಂದಿ ಇಲ್ಲದ ಬುಟ್ಟಿ ಯಾರ ಕೊಟ್ರೂ ಮುಂದ ದಬ್ಬಬ್ಯಾಡ. ಅವ್ವ ಹೇಳಿದ್ರೂ ದಬ್ಬಬ್ಯಾಡ. ಅನುಮಾನ ಬಂದ್ರ ಕಾಳು ನಾಲಿಗಿ ಮ್ಯಾಲ ಇಟ್ಟು ನೋಡು," ಎಂದು ನನ್ನ ಗದ್ದ ಹಿಡಿದು ಹೇಳಿದ್ದಳು. ಅವ್ವನಿಗೆ ಮರಳಿನ ಬಾಣಲೆ ಕಲಿಸಿದಳು. ಒಂದು ಚಿಟಿಕೆ ಅಕ್ಕಿ ಒಗೆದು ನೋಡುವುದು. ಮುಟ್ಟಿದ ಕೂಡಲೇ ಅರಳಿದರೆ ಸರಿ. ಮಲಗಿಕೊಂಡರೆ ಹೊಟ್ಟು ಹಾಕಿಸುವುದು. ಕೆಂಪಗಾದರೆ ಬೆಂಕಿ ಹಿಂದಕ್ಕೆ ಎಳೆಸುವುದು. ಮಗಳಿಂದ ಕಲಿಯುತ್ತ ಕಲಿಯುತ್ತ ಅವ್ವ, "ಈಕಿ ನನಗ ಅತ್ತಿ ಆಗ್ಯಾಳ ನೋಡು," ಎಂದು ಚೇಷ್ಟೆ ಮಾಡುತ್ತಿದ್ದಳು.

ಹೀಗೆ ಅಕ್ಕ ಶಾಲೆಗೆ ಹೋಗಿ, ಆಕೆ ಇಲ್ಲದೆ ನಾವು ಭಟ್ಟಿ ನಡೆಸಿ ನೋಡುವ ದಿನ ಬಂತು. ಅಪ್ಪ ಹಿಂದಿನ ಸಂಜೆಯೇ ಸಿಂಧನೂರಿಗೆ ಹೋಗಿದ್ದ, ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ. ಅಕ್ಕ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆರಳು ಹಾಕಿಕೊಂಡಳು. ಇದ್ದುದರಲ್ಲಿ ಹೊಸದಾದ ಪರಕಾರ ಉಟ್ಟಳು. ಎಷ್ಟು ತೊಳೆದರೂ ಆಕೆಯ ಕೂದಲಿನಿಂದ ಹೊಟ್ಟಿನ ಹೊಗೆಯ ವಾಸನೆ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು ಒಮ್ಮೆ ಒಲೆ ನೋಡಿದಳು, ಒಮ್ಮೆ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಚಿಂದಿಗಳನ್ನು ನೋಡಿದಳು. ಚಾಚಾ ಕೈಯೆತ್ತಿ, "ಜಾ ಬೇಟಿ, ಚಿಂತಿ ಮಾಡಬ್ಯಾಡ. ನಾವು ಇದೀವಿ," ಅಂದ. ಅಕ್ಕ ಓಡುತ್ತ ಹೋದಳು. ನಡೆದು ಹೋಗಲಿಲ್ಲ, ಓಡುತ್ತಲೇ ಹೋದಳು.

ಮೊದಲ ಬಾಣಲೆ ಅವ್ವನ ಕೈಯಲ್ಲಿ ಸ್ವಲ್ಪ ಕೆಂಪಾಯಿತು. ಅವ್ವ ಚಿಟಿಕೆ ಅಕ್ಕಿ ಒಗೆದು ನೋಡಿದಳು, ಚಾಚಾ ಬೆಂಕಿ ಹಿಂದಕ್ಕೆ ಎಳೆದ. ಎರಡನೆಯದು ಮಲ್ಲಿಗೆಯಂತೆ ಅರಳಿತು. ಆಮೇಲೆ ಕೈ ಹತ್ತಿತು. ನಾನು ತಿಕ್ಕುವುದು, ಕಟ್ಟುವುದು, ದಬ್ಬುವುದು. ಚಾಚಾ ಹಂಚಿನ ಮೇಲೆ ಕೈಯಾಡಿಸುವುದು. ಅವ್ವ ಒಗೆಯುವುದು, ಜರಡಿಗೆ ಎತ್ತುವುದು. ಖಾಲಿ ಬುಟ್ಟಿಯೂ ಅದರ ಚಿಂದಿಯೂ ಸುತ್ತು ಹಾಕಿ ನನ್ನ ಹತ್ತಿರ ಬರುವುದು. ಯಾರೂ ಯಾರನ್ನೂ ಕೂಗಲಿಲ್ಲ. ನಮ್ಮ ಭಟ್ಟಿಯಲ್ಲಿ ಹೊಟ್ಟು ಉರಿಯುವ ಸದ್ದು ಕೂಡ ಕೇಳಿಸುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು.

ನಡುವೆ ಒಂದು ಎಡವಟ್ಟು ಆಗುವುದರಲ್ಲಿತ್ತು. ರಸ್ತೆಯಲ್ಲಿ ಕೋಲೆಬಸವ ಬಂದಿತ್ತು, ನಾನು ಅತ್ತ ನೋಡುತ್ತ ಕೂತೆ. ತಿರುಗಿ ನೋಡಿದರೆ ಮುಂದೆ ಚಿಂದಿಯಿಲ್ಲದ ಬುಟ್ಟಿ. ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ. "ಹಾಕೀಯಲ್ಲೋ, ನಾ ನೋಡೀನಿ, ದಬ್ಬು ಈ ಕಡೆ," ಎಂದು ಅವ್ವ ಅವಸರ ಮಾಡಿದಳು. ನಾನು ಒಂದು ಕಾಳು ನಾಲಿಗೆಯ ಮೇಲಿಟ್ಟೆ. ಸಪ್ಪಗಿತ್ತು. ಉಪ್ಪು ತಿಕ್ಕಿ, ಚಿಂದಿ ಕಟ್ಟಿ, ಆಮೇಲೇ ದಬ್ಬಿದೆ. ಚಾಚಾ ಗಡ್ಡದೊಳಗೇ ನಕ್ಕ.

ಅಪ್ಪ ಬಸ್ಸಿಳಿದು ಬಂದಾಗ ಎಂದಿಗಿಂತ ಮೊದಲೇ ಒಲೆ ಆರಿತ್ತು. ಚೀಲಗಳು ಬಾಯಿ ಹೊಲಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದವು. ಅವ್ವ ಆ ಹೊತ್ತಿಗೆ ರೊಟ್ಟಿ ಬಡಿಯುತ್ತಿದ್ದಳು, ಅದೂ ಅಪ್ಪನಿಗೆ ಹೊಸದು. ಅಪ್ಪ ಒಂದೊಂದು ಚೀಲಕ್ಕೂ ಬೆರಳು ತೂರಿಸಿ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡ. ಸಾಲು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ. ಎಲ್ಲದರದ್ದೂ ಒಂದೇ ರುಚಿ. ಕೊನೆಗೆ ಚೀಲದ ಮೇಲೆ ಕೂತು, "ಇದು ಆಕಿ ಇಲ್ಲದ ಆಗೇತೇನು?" ಎಂದು ಚಾಚಾನನ್ನು ಕೇಳಿದ. "ಆಕಿ ಸಾಲ್ಯಾಗ ಅದಾಳ್ರಿ," ಅಂದ ಚಾಚಾ. ಅಪ್ಪ ಎದ್ದು ಆ ಉದ್ದನೆಯ ಒಲೆಗೆ ಒಂದು ಸುತ್ತು ಹಾಕಿ ಬಂದ.

ಸಂಜೆ ಅಕ್ಕ ಬಂದಳು. ಆಕೆಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಬೆವರಿಗೆ ಹಣೆಯ ಕುಂಕುಮ ಇಳಿದಿತ್ತು. ಹೊಸಿಲು ದಾಟುತ್ತಲೇ, "ಅವ್ವಾ, ಇವತ್ತ ಸಾಲ್ಯಾಗ ಏನು ಹೇಳಿದ್ರು ಗೊತ್ತೇನ," ಎಂದು ಶುರು ಮಾಡಿದಳು. ಅಷ್ಟರಲ್ಲಿ ಅಪ್ಪ, "ಬಾ ಬೇ, ಕೂಡಿಲ್ಲಿ, ಮೊದಲ ಭಟ್ಟಿ ಹೆಂಗ ನಡದೈತಿ ಕೇಳು," ಅಂದ. ನಾವೆಲ್ಲ ಒಮ್ಮೆಲೇ ಮಾತಾಡಿದೆವು. ಅವ್ವ ಬಾಣಲೆಯ ಕಥೆ, ನಾನು ಸಪ್ಪನೆಯ ಬುಟ್ಟಿಯ ಕಥೆ. ಅಕ್ಕ ನಗುತ್ತ ಕೇಳಿದಳು, ನನ್ನ ತಲೆ ಸವರಿದಳು. ತಾನು ಹೇಳಲು ಹೊರಟದ್ದನ್ನು ಬಾಯಲ್ಲೇ ಇಟ್ಟುಕೊಂಡು, ತನ್ನ ಸರದಿ ಬರಲೆಂದು ಕಾಯುತ್ತಿದ್ದಳು.

ಆಕೆಯ ಸರದಿ ಬರಲಿಲ್ಲ. ಅಪ್ಪ ಬಹಳ ಖುಷಿಯಲ್ಲಿದ್ದ. "ಶಾಣ್ಯಾಕಿ ನನ್ನ ಮಗಳು," ಅಂದ. "ಇನ್ನ ನನಗ ಹಗುರ ಆತು ನೋಡು. ನೀ ಇಲ್ಲದ ಭಟ್ಟಿ ನಡೀತೈತಿ. ನಾಳೇನ ಲಿಂಗಸುಗೂರಿನವರಿಗೆ ಹೇಳಿ ಕಳಸ್ತೀನಿ."

ಅಕ್ಕ ನಗುತ್ತಿದ್ದವಳು ಹಾಗೇ ನಿಂತಳು. "ಸಾಲಿ?" ಅಂದಳು.

"ಸಾಲಿ ಏನ್ ಓಡಿ ಹೊಕ್ಕೈತಿ. ಅವರ ಮನಿಯಾಗ ಹೊಗಿ ಇಲ್ಲವ್ವ. ಬಟ್ಟಿ ಅಂಗಡಿ, ನೆಳ್ಳಾಗ ಕೂಡೂದು. ಈ ಉರಿಯಾಗ ನಿನ್ನ ಕೂಡಿಸಿ ಕೂಡಿಸಿ ನನ್ನ ಹೊಟ್ಟಿ ಸುಡತಿತ್ತು," ಅಂದ ಅಪ್ಪ. ಅವನ ಕಣ್ಣಲ್ಲಿ ನೀರಿತ್ತು. ಮಕ್ಕಳೇ, ಇದನ್ನು ನೀವು ತಿಳಿದುಕೊಳ್ಳಬೇಕು. ಅಪ್ಪ ಕೆಟ್ಟವನಲ್ಲ. ಮಗಳನ್ನು ಬೆಂಕಿಯ ಮುಂದಿನಿಂದ ಎಬ್ಬಿಸುವುದೇ ಅವನಿಗೆ ದೊಡ್ಡ ಕನಸಾಗಿತ್ತು. ಎಬ್ಬಿಸಿ ಎಲ್ಲಿಗೆ ಕಳಿಸಬೇಕು ಎಂದು ಅವಳನ್ನು ಕೇಳಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅವ್ವನಿಗೆ ಹೊಳೆದಿತ್ತೋ ಏನೋ. ಅವ್ವ ತಲೆ ತಗ್ಗಿಸಿ ಒಲೆಯ ಬೂದಿ ಕೆದರುತ್ತ ಕೂತಳು.

ಮರುದಿನ ಬೆಳಗ್ಗೆ ಅಕ್ಕ ಶಾಲೆಗೆ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹಳೆಯ ಪರಕಾರ ಉಟ್ಟು ಬಂದು ಮರಳಿನ ಬಾಣಲೆಯ ಮುಂದೆ ಕೂತಳು. ನಾನು ಮೊದಲ ಬುಟ್ಟಿಗಳಿಗೆ ಉಪ್ಪು ತಿಕ್ಕಿ, ಚಿಂದಿ ಕಟ್ಟಿ, ಇನ್ನಷ್ಟು ನೀರು ತರಲು ಬಾವಿಗೆ ಹೋದೆ. ಬಂದು ನೋಡುತ್ತೇನೆ, ಒಂದು ಬುಟ್ಟಿಗೂ ಚಿಂದಿಯಿಲ್ಲ. ಉಪ್ಪು ಬಿದ್ದವು, ಬೀಳದವು ಎಲ್ಲ ಕಲೆತು ಹೋಗಿದ್ದವು. ಆಮೇಲೆ ಅಕ್ಕ ಕಲಿಸಿದ್ದು ನೆನಪಾಯಿತು. ಒಂದೊಂದೇ ಬುಟ್ಟಿಯ ಕಾಳು ನಾಲಿಗೆಯ ಮೇಲಿಟ್ಟು ನೋಡಿದೆ. ಉಪ್ಪಿದ್ದವನ್ನು ಈಚೆ ಸರಿಸಿದೆ, ಇಲ್ಲದವುಗಳಿಗೆ ಉಪ್ಪು ತಿಕ್ಕಿದೆ. ಒಲೆ ಕಾಯುವುದರೊಳಗೆ ಎಲ್ಲ ಮೊದಲಿನಂತೆಯೇ ಆಯಿತು. ಚಿಂದಿ ಮಾತ್ರ ಸಿಗಲಿಲ್ಲ.

ಹುಡುಕುತ್ತ ಹುಡುಕುತ್ತ ಅಕ್ಕನ ಕಡೆ ನೋಡಿದೆ. ಆಕೆಯ ಸೊಂಟದಲ್ಲಿ ಹಸಿರು ಅಂಚು ಇಣುಕುತ್ತಿತ್ತು. "ಅಕ್ಕಾ, ಚಿಂದಿ ನಿನ್ನ ಹತ್ರ ಯಾಕ ಅದಾವ?" ಅಂದೆ. ಅಕ್ಕ ನನ್ನನ್ನು ನೋಡಿದಳು, ಸಾಲಾಗಿ ಇಟ್ಟಿದ್ದ ಬುಟ್ಟಿಗಳನ್ನು ನೋಡಿದಳು. ಸೊಂಟದಿಂದ ಒಂದೊಂದೇ ಚಿಂದಿ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. "ಚಲೋ ಕಲ್ತೀಯೋ ತಮ್ಮಾ," ಅಂದಳು. "ಇನ್ನ ನಾ ಕೆಡಿಸಿದ್ರೂ ಕೆಡಾಂಗಿಲ್ಲ ಇದು."

ನಾನು ಹೊಗಳಿದಳೆಂದು ಹಿಗ್ಗಿದೆ. ಹಲ್ಲು ಕಿರಿದು ಚಿಂದಿ ಕಟ್ಟತೊಡಗಿದೆ. ಅಕ್ಕ ಬಾಣಲೆಗೆ ಅಕ್ಕಿ ಒಗೆಯಲಿಲ್ಲ, ಮೊಣಕಾಲಲ್ಲಿ ಮುಖ ಇಟ್ಟು ಕೂತಳು. ಆಕೆಯ ಬೆನ್ನು ನಡುಗುತ್ತಿತ್ತು. ಚಾಚಾ ಅತ್ತ ನೋಡಲಿಲ್ಲ. ಒಲೆಗೆ ಒಂದು ಬೊಗಸೆ ಹಸಿ ಹೊಟ್ಟು ಒಗೆದ, ಚಪ್ಪರದ ತುಂಬ ದಟ್ಟ ಹೊಗೆ ಎದ್ದಿತು. "ಹೊಗಿ ಭಾಳ ಆಗೇತಿ ಬೇಟಿ, ಕಣ್ಣು ಒರಸ್ಕೋ," ಅಂದ.

ಚಳಿಗಾಲ ಮುಗಿಯುವುದರೊಳಗೆ ಅಕ್ಕನ ಮದುವೆಯಾಯಿತು. ನಮ್ಮ ಮಂಡಾಳಿಗೆ ಸುತ್ತಲಿನ ಸಂತೆಗಳಲ್ಲೆಲ್ಲ ಹೆಸರು ಬಂತು. ಅಪ್ಪ ಇನ್ನೊಂದು ಒಲೆ ಕಟ್ಟಿಸಿದ, ಅದನ್ನೂ ಅಕ್ಕನ ಅಳತೆಯಲ್ಲೇ. ಮೊದಲ ಪಂಚಮಿಗೆ ಅಕ್ಕ ತವರಿಗೆ ಬಂದಾಗ ಬೆಳಗ್ಗೆ ಎದ್ದವಳೇ ಚಪ್ಪರಕ್ಕೆ ಬಂದಳು. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದರು. ಅವ್ವ, "ನೀ ಕೂಡವ್ವ, ಬೀಗರ ಮನಿಯಿಂದ ಬಂದೀದಿ, ಕೆಲಸ ಯಾಕ," ಅಂದಳು. ಅಕ್ಕ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಬ ಹಿಡಿದುಕೊಂಡು ನಿಂತಿದ್ದಳು. ಅವಳೇ ಕಟ್ಟಿದ ಸಾಲಿನಲ್ಲಿ ಅವಳಿಗೊಂದು ಜಾಗವಿರಲಿಲ್ಲ.

ಈಗ ಸಿಂಧನೂರಿನಲ್ಲಿ ನಿಮ್ಮ ಅಪ್ಪ ಯಂತ್ರದ ಭಟ್ಟಿ ಹಾಕಿದ್ದಾನೆ. ಒಂದು ಕಡೆ ಅಕ್ಕಿ ಸುರಿದರೆ ಇನ್ನೊಂದು ಕಡೆ ಮಂಡಾಳು ಬೀಳುತ್ತದೆ. ಹೊಗೆ ತಗಡಿನ ಕೊಳವೆಯಲ್ಲಿ ಮುಗಿಲಿಗೆ ಹೋಗುತ್ತದೆ, ಯಾರ ಕಣ್ಣೂ ಉರಿಯುವುದಿಲ್ಲ. ಮೊನ್ನೆ ನಿಮ್ಮ ಅಕ್ಕ, ನನ್ನ ದೊಡ್ಡ ಮೊಮ್ಮಗಳು, ಕಾಲೇಜಿನಿಂದ ಬಂದು, ರೆಡಿಯಾದ ಚೀಲಕ್ಕೆ ಹಸಿರು ಸ್ಟಿಕ್ಕರ್ ಹಚ್ಚಿರಿ, ಗೊಂದಲ ಆಗುವುದಿಲ್ಲ, ಇದಕ್ಕೆ ಸಿಸ್ಟಮ್ ಅಂತಾರೆ ಎಂದು ನಿಮ್ಮ ಅಪ್ಪನಿಗೆ ತಿಳಿಸಿ ಹೇಳುತ್ತಿದ್ದಳು. ಅವನು ತಲೆಯಾಡಿಸುತ್ತ ಕೇಳುತ್ತಿದ್ದ. ಹೇಳಿ ಮುಗಿಸಿ, ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಮರುದಿನ ಮತ್ತೆ ಕಾಲೇಜಿಗೆ ಹೋದಳು. ಭಟ್ಟಿ ನಡೆಯುತ್ತದಲ್ಲ, ಇನ್ನು ನೀನು ಗಂಡನ ಮನೆಗೆ ಹೋಗು ಎಂದು ಅವಳಿಗೆ ಯಾರೂ ಅನ್ನಲಿಲ್ಲ. ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಹೊಗೆ ಇಲ್ಲದ ಮನೆಯಲ್ಲಿ ಅಳುವುದು ಕಷ್ಟ.

ಅಕ್ಕ ತೀರಿಕೊಳ್ಳುವ ಹಿಂದಿನ ವರ್ಷ ನಾನು ಲಿಂಗಸುಗೂರಿಗೆ ಹೋಗಿದ್ದೆ. ಮುದುಕಿಯಾಗಿದ್ದಳು, ಹಲ್ಲಿರಲಿಲ್ಲ. ಒಯ್ದಿದ್ದ ಮಂಡಾಳನ್ನು ಚಹಾದಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಆಗ ಕೇಳಿದೆ. "ಅಕ್ಕಾ, ಆವತ್ತು ಒಂದು ದಿನ ಸಾಲಿಗೆ ಹೋಗಿ ಬಂದೆಲ್ಲ, ಅಲ್ಲಿ ಏನು ಹೇಳಿದ್ರು? ನೀ ಏನೋ ಹೇಳಾಕ ಬಂದಿದ್ದಿ." ಅಕ್ಕ ಬಟ್ಟಲು ಕೆಳಗಿಟ್ಟಳು. ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. ಆಮೇಲೆ, "ಭಾಳ ಚಲೋ ಇತ್ತಪ್ಪ ಅದು," ಅಂದಳು. "ಆದ್ರ ಏನಂತ ಮರತೀನಿ. ಯಾರರ ಆವತ್ತ ಕೇಳಿದ್ರ ನೆನಪು ಉಳೀತಿತ್ತೇನೋ."

ನೀವು ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ, ಇವತ್ತು ಏನು ಕಲಿಸಿದರು ಎಂದು ನಾನು ಗಂಟುಬಿದ್ದು ಕೇಳುತ್ತೇನೆ. ಅಜ್ಜನಿಗೆ ಬೇರೆ ಕೆಲಸವಿಲ್ಲ ಎಂದು ನಿಮಗೆ ಸಿಟ್ಟು ಬರುತ್ತದೆ, ಏನಿಲ್ಲ ಎಂದು ಒಳಗೆ ಓಡುತ್ತೀರಿ. ಓಡಬೇಡಿ. ಒಂದು ಗಳಿಗೆ ನಿಂತು ಹೇಳಿ ಹೋಗಿ. ಎಷ್ಟು ಸಣ್ಣದಿದ್ದರೂ ಸರಿ, ನಾನು ಕೂತು ಕೇಳುತ್ತೇನೆ.